ಅಪ್ಪನ ಬರ್ಫ

ನಾನು ಬರ್ಫ ನೋಡಿದವಳಲ್ಲ. ನಮ್ಮ ಕಡೆ ಹಿಮಕ್ಕೂ ಐಸಿಗೂ ಅದೊಂದೇ ಹೆಸರು. ನಿಪ್ಪಾಣಿಯ ಈ ಮನೆಯ ಮೇಲಿನ ಕೋಣೆಯಲ್ಲಿ ಕೂತು ಎಷ್ಟೋ ವರ್ಷಗಳಿಂದ ಅದನ್ನೇ ಮಾಡುತ್ತಿದ್ದೇನೆ. ಹೆಬ್ಬೆರಳಿನಷ್ಟು ಎತ್ತರದ ಸೈನಿಕರ ಗೊಂಬೆಗಳಿಗೆ ಬಣ್ಣ ಬಳಿದು ಗಾಜಿನ ಕಪಾಟಿನಲ್ಲಿ ಇಟ್ಟುಕೊಳ್ಳುವ ಹವ್ಯಾಸದವರು ಎಲ್ಲ ಊರುಗಳಲ್ಲೂ ಇದ್ದಾರೆ. ಆ ಗೊಂಬೆ ನಿಲ್ಲುವುದಕ್ಕೆ ಅಂಗೈಯಲ್ಲಿ ಹಿಡಿಯುವಷ್ಟು ನೆಲ ಬೇಕು. ಅವರು ಅದಕ್ಕೆ ಬೇಸ್ ಎನ್ನುತ್ತಾರೆ. ಕಲ್ಲು, ಕೆಸರು, ಒಣಹುಲ್ಲಿನ ನೆಲವನ್ನು ಯಾರು ಬೇಕಾದರೂ ಮಾಡಿಯಾರು. ಬರ್ಫದ ನೆಲಕ್ಕೆ ಮಾತ್ರ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಮೊನ್ನೆ ಅಥಣಿಯಿಂದ ಒಬ್ಬರು ಫೋನ್ ಮಾಡಿ, “ಎಷ್ಟು ವರ್ಷ ಕಾಶ್ಮೀರದಾಗ ಇದ್ರಿ ಮೇಡಂ?” ಎಂದು ಕೇಳಿದರು. ನನಗೆ ನಗು ಬಂತು. ನನಗೆ ಬರ್ಫ ಕಲಿಸಿದ್ದು ಎರಡು ಕಾಲುಗಳು. ಒಂದು ಅಪ್ಪನದು, ಇನ್ನೊಂದು ದೊಡ್ಡಪ್ಪನದು. ಅಪ್ಪನ ಕಾಲಿನ ಕಥೆಯನ್ನು ಕೇಳಿದವರಿಗೆಲ್ಲ ಹೇಳಿದ್ದೇನೆ. ದೊಡ್ಡಪ್ಪನ ಕಾಲಿನ ಕಥೆ ಹೇಳುತ್ತಿರುವುದು ಇದೇ ಮೊದಲು. ಪಶ್ಚಾತ್ತಾಪಪಟ್ಟು ಹೇಳುತ್ತಿದ್ದೇನೆ ಎಂದು ಮಾತ್ರ ಯಾರೂ ತಿಳಿಯಬೇಡಿ.

ಏಕಸಂಬಿಯ ಹತ್ತಿರದ ನಮ್ಮ ಮನೆಯ ಬಾಗಿಲು ದಾಟಿದರೆ ಮೊದಲು ಸಿಗುತ್ತಿದ್ದದ್ದು ದನ ಕಟ್ಟುವ ಜಾಗ. ಎಡಕ್ಕೆ ಎರಡು ಎಮ್ಮೆ, ಒಂದು ಆಕಳು. ಬಲಕ್ಕೆ ಮೂರು ಮೆಟ್ಟಿಲು ಹತ್ತಿದರೆ ಪಡಸಾಲೆ. ಪಡಸಾಲೆಯಲ್ಲಿ ಗಾಳಿ ಬರುವ ಒಂದೇ ಒಂದು ಕಿಟಕಿ ಇತ್ತು, ಆ ಕಿಟಕಿಯ ಕೆಳಗೆ ದೊಡ್ಡಪ್ಪನ ಹೊರಸು. ಆತ ಅದರ ಮೇಲೆ ಒಂದು ಮಗ್ಗುಲಾಗಿ ಮಲಗಿ, ಟ್ರಾನ್ಸಿಸ್ಟರನ್ನು ಕಿವಿಗೆ ಒತ್ತಿ ಹಿಡಿದುಕೊಂಡು, ಅಲ್ಲಿಂದಲೇ ಇಡೀ ಮನೆಯನ್ನು ನಡೆಸುತ್ತಿದ್ದ. ಎಮ್ಮೆ ಹಿಂಡಿದ್ದು ಸಾಕು, ಕಬ್ಬಿಗೆ ನೀರು ಬಿಡು, ಚಹಾ ತಾ, ಆ ಹುಡುಗಿಗೆ ಬಾಯಿ ಮುಚ್ಚೆಂದು ಹೇಳು, ಎಲ್ಲವೂ ಹೊರಸಿನಿಂದಲೇ. ದೊಡ್ಡವ್ವ ತೀರಿಹೋಗಿದ್ದಳು, ಅವರ ಮಕ್ಕಳು ದೊಡ್ಡವರಾಗಿ ಬೇರೆ ಊರು ಸೇರಿದ್ದರು. ಆತನಿಗೆ ಒಂದು ಚಟವಿತ್ತು. ಸಿಟ್ಟು ಬಂದರೆ ಕೈ ಎತ್ತುತ್ತಿರಲಿಲ್ಲ, ಒದೆಯುತ್ತಿದ್ದ. ಉಪ್ಪು ಹೆಚ್ಚಾದ ಝುಣಕದ ತಾಟು, ಅಡ್ಡ ಬಂದ ಕೊಡ, ಮಲಗಿದ ನಾಯಿ, ಅವ್ವ ಸಾರಿಸಿಟ್ಟ ಒಲೆ, ಎಲ್ಲದಕ್ಕೂ ಆತನ ಬಲಗಾಲಿನ ರುಚಿ ಗೊತ್ತಿತ್ತು. ಒದ್ದ ಮೇಲೆ ಏನೂ ಆಗಿಲ್ಲವೆನ್ನುವ ಹಾಗೆ ಮತ್ತೆ ಹೊರಸಿಗೆ ಹೋಗಿ ಟ್ರಾನ್ಸಿಸ್ಟರಿನ ಕಿವಿ ಹಿಂಡುತ್ತಿದ್ದ. ನಾವು ಚೂರುಗಳನ್ನು ಆರಿಸುತ್ತಿದ್ದೆವು.

ಅಪ್ಪ ಆ ಮನೆಯಲ್ಲಿ ವರ್ಷಕ್ಕೊಮ್ಮೆ ಸುಟ್ಟಿಯ ಮೇಲೆ ಬರುವ ಅತಿಥಿಯಾಗಿದ್ದ. ನಾನು ಹತ್ತು ವರ್ಷದವಳಿದ್ದಾಗ ಮಿಲಿಟರಿಯಿಂದ ಪೂರ್ತಿಯಾಗಿ ಬಂದುಬಿಟ್ಟ, ಬಲಗಾಲಿನ ಮೂರು ಬೆರಳುಗಳನ್ನು ಅಲ್ಲಿಯೇ ಬಿಟ್ಟು. ಮೇಲಿನ ಗಡಿಯಲ್ಲಿ ಒಂದು ಚೌಕಿ ಕಾಯುವಾಗ ಬೂಟಿನೊಳಗೆ ಬರ್ಫ ಹೊಕ್ಕು ಬೆರಳುಗಳು ಕಪ್ಪಾಗಿ ಸತ್ತವಂತೆ, ಆಸ್ಪತ್ರೆಯಲ್ಲಿ ತೆಗೆದರಂತೆ. ಅಪ್ಪ ಹೇಳಿದ್ದು ಇಷ್ಟೇ. ಆದರೆ ಊರಿಗೆ ಇಷ್ಟು ಸಾಕಾಗಲಿಲ್ಲ. ಸಂಜೆಯಾದರೆ ನಾಲ್ಕು ಮಂದಿ ನಮ್ಮ ಕಟ್ಟೆಗೆ ಬಂದು ಕೂತು, ಅಲ್ಲಿ ನೀರು ಹೇಗೆ ಕುಡಿಯುತ್ತಾರೆ, ಸ್ನಾನ ಹೇಗೆ, ಬಂದೂಕು ಕೈಗೆ ಅಂಟಿಕೊಳ್ಳುತ್ತದಂತಲ್ಲ ಎಂದೆಲ್ಲ ಕೇಳತೊಡಗಿದರು. ಅಪ್ಪ ತಗ್ಗಿದ ದನಿಯಲ್ಲಿ ಒಂದೊಂದೇ ಮಾತು ಹೇಳುತ್ತಿದ್ದ. ಅಲ್ಲಿಯತನಕ ಅಪ್ಪಾಸಾಬನ ಮನಿ ಎನಿಸಿಕೊಂಡಿದ್ದದ್ದು ಎರಡೇ ತಿಂಗಳಲ್ಲಿ ಫೌಜಿ ಮನಿ ಆಯಿತು. ಬಸ್ಸಿನ ಕಂಡಕ್ಟರ್ ಕೂಡ ಹಾಗೆಂದೇ ಕೂಗಿ ಇಳಿಸುತ್ತಿದ್ದ. ಅಪ್ಪಾಸಾಬ ಎಂದರೆ ದೊಡ್ಡಪ್ಪ. ಕಿಟಕಿಯ ಆಚೆ ಕಟ್ಟೆಯ ಮೇಲೆ ತಮ್ಮನ ಮಾತು ನಡೆದಾಗೆಲ್ಲ ಆತ ಟ್ರಾನ್ಸಿಸ್ಟರಿನ ದನಿ ಏರಿಸುತ್ತಿದ್ದ.

ಒಂದು ದಿನ ಮಧ್ಯಾಹ್ನ ರಾಯಬಾಗದಿಂದ ಬೀಗರು ಬಂದರು. ನನ್ನ ಸೋದರತ್ತೆಯನ್ನು ಕೊಟ್ಟ ಮನೆಯ ಇಬ್ಬರು ಹಿರಿಯರು. ಪಡಸಾಲೆಯಲ್ಲಿ ಮಣೆ ಹಾಕಿ ಊಟಕ್ಕೆ ಕೂರಿಸಿದ್ದರು. ದೊಡ್ಡಪ್ಪ ಒಂದು ಕಡೆ, ಅಪ್ಪ ಅವನ ಪಕ್ಕ, ಕಾಲನ್ನು ಧೋತರದ ಅಡಿಗೆ ಮಡಿಸಿಟ್ಟುಕೊಂಡು. ನಾನು ನೀರಿನ ತಂಬಿಗೆ ಹಿಡಿದು ನಿಂತಿದ್ದೆ. ಹಿರಿಯರಲ್ಲೊಬ್ಬರು ಅಪ್ಪನ ಕಡೆ ತಿರುಗಿ ಬಲು ಮರ್ಯಾದೆಯಿಂದ ಕೇಳಿದರು.

“ಬಾಳಪ್ಪಾ, ಬರ್ಫದಾಗ ಬೆರಳ ಹೋದಾಗ ನೋವ ಆಗತಿತ್ತೇನಪಾ?”

ಅಪ್ಪ ಬಾಯಿ ತೆರೆಯುವ ಮೊದಲೇ ದೊಡ್ಡಪ್ಪ ನಕ್ಕ.

“ಎಲ್ಲೀ ಬರ್ಫರಿ ಮಾವಾರ! ಇಂವಗ ಜೀವದ ಆಸೆ. ಅಲ್ಲೇ ಹುಲ್ಲ ಕೊಯ್ಯೂ ಕುಡುಗೋಲ ತಗೊಂಡು ತಾನ ಹೊಡಕೊಂಡಾನ. ಸರಕಾರಕ್ಕ ಬರ್ಫ ಅಂತ ಬರಸ್ಯಾನ. ಮನಿ ಮಂದಿ ಮುಂದ ಯಾಕ ಮುಚ್ಚೂದು?”

ಒಳಗೆ ಅವ್ವ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಬಾಗಿಲಲ್ಲಿ ಕೂತಿದ್ದ ಆಯಿ, ಇಬ್ಬರನ್ನೂ ಹೆತ್ತವಳು, ಎಲೆ ಅಡಿಕೆ ಕುಟ್ಟುತ್ತಿದ್ದವಳು ಕುಟ್ಟುತ್ತಲೇ ಇದ್ದಳು. ನಾನು ಅಪ್ಪನ ಮುಖ ನೋಡಿದೆ. ಏಳುತ್ತಾನೆ, ತಾಟು ಎತ್ತಿ ಒಗೆಯುತ್ತಾನೆ, ಕಡೆಗೆ ಇಲ್ಲವೆಂದಾದರೂ ಅನ್ನುತ್ತಾನೆ ಎಂದು ಕಾದೆ. ಅಪ್ಪ ರೊಟ್ಟಿ ಮುರಿದ, ಪಲ್ಯಕ್ಕೆ ಒತ್ತಿದ, ಬಾಯಿಗೆ ಹಾಕಿಕೊಂಡ. ಬೀಗರು ತಲೆ ತಗ್ಗಿಸಿ ಉಂಡರು. ನಾನು ದೊಡ್ಡಪ್ಪನ ಲೋಟಕ್ಕೆ ನೀರು ಹಾಕಲಿಲ್ಲ. ಅಂದು ನನ್ನಿಂದ ಆದದ್ದು ಅಷ್ಟೇ.

ವಾರ ಕಳೆಯುವುದರೊಳಗೆ ಆ ಮಾತು ಹಾರೂಗೇರಿಯ ಸಂತೆಯವರೆಗೂ ಹೋಗಿ ಬಂತು. ಕಟ್ಟೆಗೆ ಜನ ಬರುವುದು ನಿಂತಿತು. ಶಾಲೆಯಲ್ಲಿ ನನ್ನನ್ನು ಕುಡುಗೋಲ ಬಾಳ್ಯಾನ ಮಗಳು ಎಂದರು. ಅವ್ವ ಎರಡು ದಿನ ಬಿಕ್ಕಿ ಅತ್ತು ಮೂರನೆಯ ದಿನ ದೊಡ್ಡಪ್ಪನಿಗೆ ಎಂದಿನಂತೆ ಚಹಾ ಕೊಟ್ಟಳು. “ನೀ ಯಾಕ ಸುಮ್ಮ ಕುಂತಿ ಅಪ್ಪಾ?” ಎಂದು ನಾನು ಕೇಳಿದ್ದಕ್ಕೆ ಅಪ್ಪ, “ನಾ ಇಲ್ಲದಾಗ ನಿಮಗ ಅನ್ನ ಹಾಕಿದಂವ ಅಂವ. ಅಣ್ಣ ಅದಾನ” ಎಂದ. ಆ ಅಣ್ಣನ ಅನ್ನವನ್ನು ಅವ್ವ ಹೇಗೆ ದುಡಿದು ಉಂಡಿದ್ದಳೆಂದು ನನಗೆ ಗೊತ್ತಿತ್ತು. ಆಗ ನನಗೆ ಅಪ್ಪನ ಮೇಲೂ ಸಿಟ್ಟು ಬಂತು. ಆದರೆ ಅಪ್ಪನ ಮೇಲಿನ ಸಿಟ್ಟು ಉಣ್ಣುವ ಹೊತ್ತಿಗೆ ಇಳಿಯಿತು. ಇನ್ನೊಂದು ಇಳಿಯಲಿಲ್ಲ, ಇವತ್ತಿಗೂ ಇಳಿದಿಲ್ಲ.

ನಮ್ಮ ಗಡಿಯ ಊರುಗಳಲ್ಲಿ ದೀಪಾವಳಿಗೆ ಮಕ್ಕಳು ಅಂಗಳದಲ್ಲಿ ಕಿಲ್ಲಾ, ಎಂದರೆ ಆಟದ ಕೋಟೆ, ಕಟ್ಟುತ್ತಾರೆ. ಕಲ್ಲು ಇಟ್ಟಂಗಿ ಪೇರಿಸಿ, ಕೆಸರಲ್ಲಿ ಅದ್ದಿದ ಗೋಣಿತಾಟು ಹೊದಿಸಿ, ಸಾಸಿವೆ ಚೆಲ್ಲಿ ಹುಲ್ಲು ಬರಿಸಿ, ನಿಪ್ಪಾಣಿ ಬಜಾರಿನ ಮಣ್ಣಿನ ಮಾವಳರನ್ನು, ಹಳೆಯ ಮರಾಠಾ ಸೈನಿಕರನ್ನು, ಬುರುಜಿನ ಮೇಲೆ ನಿಲ್ಲಿಸಿ, ಎಲ್ಲಕ್ಕಿಂತ ಮೇಲೆ ಸಿಂಹಾಸನದಲ್ಲಿ ಅವರ ಮಹಾರಾಜರನ್ನು ಕೂರಿಸುತ್ತಾರೆ. ಹಬ್ಬದ ದಿನ ಊರವರು ಮನೆಮನೆಗೆ ಹೋಗಿ ಕಿಲ್ಲಾ ನೋಡಿ, ಇದು ಚಲೋ, ಇದು ಸುಮಾರು ಎಂದು ಹೇಳಿ ಕರ್ಚಿಕಾಯಿ ತಿಂದು ಹೋಗುವುದು ರೂಢಿ. ಹುಡುಗಿಯರು ಕಟ್ಟುತ್ತಿರಲಿಲ್ಲ. ಆ ವರ್ಷ ನಾನು ಕಟ್ಟಿದೆ. ಊರವರೆಲ್ಲ ಬಂದು ನೋಡುವುದು ಅದೊಂದನ್ನೇ. ಹಾಗಾಗಿ ಊರಿಗೆ ಹೇಳಬೇಕಾದದ್ದನ್ನು ಅದರ ಮೇಲೆಯೇ ಹೇಳಬೇಕು ಎಂದು ನಿರ್ಧರಿಸಿದ್ದೆ. ಆಯಿಯ ದಿಂಬು ಬಿಚ್ಚಿ ಹತ್ತಿ ಕದ್ದು ಕಿಲ್ಲಾದ ತಲೆಯ ಮೇಲೆಲ್ಲ ಹರವಿದೆ.

ಸಹ್ಯಾದ್ರಿಯ ಕಿಲ್ಲಾದ ಮೇಲೆ ಬರ್ಫ ಬೀಳುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲ. ನೋಡಲು ಬಂದವರು ನಕ್ಕರು. ದೊಡ್ಡಪ್ಪ ಹೊರಸು ಬಿಟ್ಟು ಎದ್ದು ಬಂದ.

“ಏ ಮಾಲಾ, ಮಹಾರಾಜರಿಗಿ ಥಂಡಿ ಹತ್ತೈತೇನಬೇ? ಕಂಬಳಿ ಹೊಚ್ಚು! ಇಲ್ಲಾ ನಿಮ್ಮಪ್ಪನ ಕುಡುಗೋಲರ ಕೊಡು ಕೈಯಾಗ!”

ಜನ ಮತ್ತೂ ನಕ್ಕರು. ದೊಡ್ಡಪ್ಪ ಬಲಗಾಲೆತ್ತಿ ಬುರುಜಿಗೆ ಒಂದು ಕೊಟ್ಟ. ಮಹಾರಾಜರು ಹಾರಿ ಬಚ್ಚಲಿಗೆ ಬಿದ್ದರು. ಹತ್ತಿ ಅಂಗಳದ ತುಂಬ ಹಾರಾಡಿತು. ಕಟ್ಟೆಯ ಮೇಲೆ ಕೂತಿದ್ದ ಅಪ್ಪ ಕೋಲೂರಿಕೊಂಡು ಎದ್ದು, ಆ ಹತ್ತಿಯನ್ನು ಒಂದೊಂದಾಗಿ ಆರಿಸಿ ನನ್ನ ಮಡಿಲಿಗೆ ಹಾಕಿ ಸಣ್ಣ ದನಿಯಲ್ಲಿ ಹೇಳಿದ.

“ಬರ್ಫ ಹಿಂಗ ಇರೂದಿಲ್ಲ ಯವ್ವಾ.”

ನನ್ನ ಅಳು ನಿಂತುಹೋಯಿತು. ಮತ್ತೆ ಹೇಗಿರುತ್ತದೆ ಎಂದು ಕೇಳಿದೆ. ಬೀಗರು ಬಂದು ಹೋದ ದಿನದಿಂದ ಆ ಮಾತೇ ಎತ್ತದಿದ್ದ ಅಪ್ಪ ಅವತ್ತು ಮತ್ತೆ ಶುರುಮಾಡಿದ. ಅಲ್ಲಿಂದ ಮುಂದಿನ ದೀಪಾವಳಿಯವರೆಗಿನ ಒಂದು ವರ್ಷ ನನ್ನ ಬಾಳಿನಲ್ಲೇ ಚಲೋ ವರ್ಷ. ಅಟ್ಟದ ಮೇಲೆ ಹಳೆಯ ಕೊಡಗಳ ಹಿಂದೆ ನನ್ನದೊಂದು ಮೂಲೆ ಮಾಡಿಕೊಂಡೆ. ಒಡೆದ ಹಂಚುಗಳ ಮೇಲೆ ಮಣ್ಣಿನ ಗುಡ್ಡ ಮಾಡಿ, ಅದರ ಮೇಲೆ ಬರ್ಫ ಹಾಕಿ, ಕೆಳಗಿಳಿದು ಬಂದು ಅಪ್ಪನಿಗೆ ತೋರಿಸುವುದು. ಮೊದಲು ಉಪ್ಪು ಹಾಕಿದೆ. ಚೆನ್ನಾಗಿಯೇ ಕಂಡಿತು. ಆದರೆ ಮಳೆಗಾಲ ಬಂದದ್ದೇ ಬೆವರಿ ನೀರಾಗಿ ಗುಡ್ಡವನ್ನೇ ಕರಗಿಸಿತು. ಸಕ್ಕರೆ ಹಾಕಿದೆ, ನಮ್ಮದು ಕಬ್ಬಿನ ಸೀಮೆ, ಇರುವೆಗಳನ್ನು ಕರೆಯಬೇಕಾಗಿರಲಿಲ್ಲ, ಅರ್ಧ ದಿನದಲ್ಲಿ ಇಡೀ ಗುಡ್ಡ ನಡೆದುಕೊಂಡು ಹೋಯಿತು. ಹಿಟ್ಟನ್ನು ಕೋಳಿ ತಿಂದವು. ಸುಣ್ಣ ಹಾಕಿದಾಗ ಅಪ್ಪ ತಲೆಯಾಡಿಸಿದ.

“ಇದು ಗ್ವಾಡಿ. ಬರ್ಫಕ್ಕ ಜೀವ ಇರತೈತಿ. ನೆರಳಿನ ಮಗ್ಗಲಕ ನೀಲಿ ಕಾಣತೈತಿ ನೋಡು, ಅಂಗಿಗಿ ಹಾಕೂ ನೀಲಿ ಹಂಗ, ಬರೇ ಒಂದ ಹನಿ.”

ಹೀಗೆ ಒಂದೊಂದು ಸೋಲಿಗೂ ಒಂದೊಂದು ಮಾತು ಸಿಗುತ್ತಿತ್ತು. ಬರ್ಫ ಎಲ್ಲ ಕಡೆ ಒಂದೇ ಸಮ ಬೀಳುವುದಿಲ್ಲ. ಗಾಳಿ ಬಡಿಯುವ ಮಗ್ಗುಲಲ್ಲಿ ಕಲ್ಲು ಬರಿಗಾಲಾಗಿ ನಿಂತಿರುತ್ತದೆ, ಹಿಂದಿನ ಮಗ್ಗುಲಲ್ಲಿ ಸೊಂಟದವರೆಗೆ ಸೇರಿಕೊಂಡಿರುತ್ತದೆ. ಬಿಸಿಲಿನ ಕಡೆ ಬೇಗ ಕರಗುತ್ತದೆ. ಮಣ್ಣಿಗೆ ತಾಗುವ ಅಂಚು ಹಸಿಯಾಗಿ ಕಪ್ಪಗಿರಬೇಕು. ಕಾಲಿಟ್ಟರೆ ಮೇಲಿನ ಪದರು ಹಪ್ಪಳದ ಹಾಗೆ ಮುರಿದು ಕೆಳಗೆ ಮೆತ್ತಗೆ ಕುಸಿಯಬೇಕು. ಜಾಲಿ ಅಂಟನ್ನು ನೀರು ಮಾಡಿ ಹಚ್ಚಿ, ಅಡುಗೆ ಸೋಡಾ ಮತ್ತು ಶಾಲೆಯ ಚಾಕಿನ ಪುಡಿಯನ್ನು ಅಪ್ಪನ ಹರಕು ಧೋತರದಲ್ಲಿ ಸೋಸಿ ಉದುರಿಸುವುದು ಕಲಿತೆ. ಒಂದು ಸಲ ಹಾಕಿ ಒಣಗಿಸಿ, ಮತ್ತೆ ಅಂಟು, ಮತ್ತೆ ಪುಡಿ. ಇವತ್ತು ಡಬ್ಬಿಗಳಲ್ಲಿ ಬರುವ ಸಾಮಾನು ಬೇರೆ, ಕೈ ಅದೇ. ಅಪ್ಪ ಹಂಚನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಬಹಳ ಹೊತ್ತು ನೋಡುತ್ತಿದ್ದ. ಹೀಗೆ ನೋಡುವಾಗಲೇ ಒಮ್ಮೆ, ಚೌಕಿಯಲ್ಲಿ ತನ್ನ ಜೊತೆಗಿದ್ದವನನ್ನು ಬೆನ್ನ ಮೇಲೆ ಹೊತ್ತು ತರುವಾಗ ಬೂಟು ಬಿಚ್ಚಿ ಒಣಗಿಸಿಕೊಳ್ಳಲು ಆಗಲಿಲ್ಲವೆಂದು, ಬೆರಳು ಹೋದದ್ದು ಹಾಗೆಂದು ಹೇಳಿದ. ಅಷ್ಟು ದೂರ ಹೊತ್ತು ತಂದರೂ ಅವನು ಬದುಕಲಿಲ್ಲ. ಅದನ್ನು ಅಪ್ಪ ಅವ್ವನಿಗೂ ಹೇಳಿರಲಿಲ್ಲ. ಕೇಳಿದ ಕೂಡಲೇ ನನಗೆ ಕಣ್ಣೀರು ಬರಲಿಲ್ಲ, ದೊಡ್ಡಪ್ಪನ ನಗು ನೆನಪಾಯಿತು.

ಮಾರನೆಯ ದೀಪಾವಳಿಗೆ ಇನ್ನು ಸ್ವಲ್ಪವೇ ದಿನವಿದ್ದಾಗ ಅಪ್ಪ ಕಡೆಯದೊಂದು ತಕರಾರು ತೆಗೆದ. ಎಲ್ಲ ಬರೋಬರ್ ಐತಿ, ಆದರೆ ಬಿಸಿಲು ಬಿದ್ದರೆ ಬರ್ಫ ಸೂಜಿಮೊನೆಗಳ ಹಾಗೆ ಮಿಂಚುತ್ತದೆ, ನಿನ್ನದು ಮಿಂಚುವುದಿಲ್ಲ ಎಂದ. ಅದೇ ವಾರ ಆಯಿಯ ಕೈಜಾರಿ ಕಂದೀಲಿನ ಗಾಜು ಒಡೆಯಿತು. ಚೂರುಗಳನ್ನು ಬಟ್ಟೆಯಲ್ಲಿ ಕಟ್ಟಿ, ಗುಂಡುಕಲ್ಲಿನಿಂದ ಜಜ್ಜಿ, ಹಿಟ್ಟಿನಷ್ಟು ನುಣ್ಣಗೆ ಅರೆದು ಒಂದು ಚಿಟಿಕೆ ಉದುರಿಸಿದೆ. ಅಪ್ಪ ಹಂಚನ್ನು ಬಿಸಿಲಿಗೆ ಹಿಡಿದು ಅತ್ತಿತ್ತ ತಿರುಗಿಸಿದ. ಆಮೇಲೆ, “ಇದ ನೋಡು. ಇದ” ಎಂದ. ಅಷ್ಟೇ ಎಂದ, ಆದರೆ ಹಂಚನ್ನು ಕೆಳಗಿಡಲಿಲ್ಲ. ನಾನು ಅಟ್ಟಕ್ಕೆ ಓಡಿದೆ. ಬಟ್ಟೆಯಲ್ಲಿ ಉಳಿದ, ಇನ್ನೂ ಜಜ್ಜದ ಚೂರೊಂದು ಹೆಬ್ಬೆರಳಿಗೆ ಹೊಕ್ಕಿತು. ರಕ್ತ ಚೀಪುತ್ತ ಕೂತಾಗ ನನಗೆ ಆ ಯೋಚನೆ ಬಂತು. ಯಾರೋ ಕಿವಿಯಲ್ಲಿ ಹೇಳಿದರು, ದೆವ್ವ ಹೊಕ್ಕಿತ್ತು ಎಂದೆಲ್ಲ ಹೇಳಲಾರೆ. ನಾನೇ ಯೋಚಿಸಿದೆ, ಚೆನ್ನಾಗಿಯೇ ಯೋಚಿಸಿದೆ, ಹನ್ನೊಂದು ವರ್ಷದ ಬುದ್ಧಿಯನ್ನೆಲ್ಲ ಖರ್ಚು ಮಾಡಿ ಯೋಚಿಸಿದೆ. ಉಳಿದ ಗಾಜನ್ನು ನುಣ್ಣಗೆ ಅರೆಯಲಿಲ್ಲ. ಜೋಳದ ನುಚ್ಚಿನಷ್ಟು ದಪ್ಪಕ್ಕೆ ಒಡೆದು ಬೇರೆ ಕಟ್ಟಿಟ್ಟೆ.

ಪಾಡ್ಯದ ಬೆಳಿಗ್ಗೆ ನಮ್ಮ ಮನೆಗಳಲ್ಲಿ ಸಗಣಿಯಿಂದ ಪಾಂಡವರನ್ನು ಮಾಡಿ ಅಂಗಳದಲ್ಲಿ ಕೂರಿಸುತ್ತಾರೆ. ಅವ್ವನ ಕೈಯ ಪಾಂಡವರೆಂದರೆ ಬೀದಿಗೇ ಹೆಸರಾದವರು, ಕುಂಬಳದ ಹೂವು ಮುಡಿದು, ಉತ್ತರಾಣಿ ಕಡ್ಡಿ ಹಿಡಿದು ಸಾಲಾಗಿ ಕೂತಿರುತ್ತಿದ್ದರು. ನಾನು ಮಣ್ಣು ಒತ್ತುವುದನ್ನು ಕಲಿತದ್ದು ಅವಳ ಪಕ್ಕ ಕೂತು. ಪಾಂಡವರು ಕೂತ ಅಂಗಳದಲ್ಲಿ ಅವತ್ತು ಯಾರೂ ಚಪ್ಪಲಿ ಹಾಕುವಂತಿಲ್ಲ. ಹಾಕಿದರೆ ಆಯಿ ಮಾತು ಬಿಟ್ಟು ಕೋಲು ಹಿಡಿಯುತ್ತಿದ್ದಳು. ದೊಡ್ಡಪ್ಪನೂ ಅವತ್ತು ಬರಿಗಾಲು. ಕಿಲ್ಲಾವನ್ನು ನಾನು ಕಟ್ಟಿದ್ದು ಆ ಅಂಗಳದಲ್ಲೇ, ಪಾಂಡವರ ಪಕ್ಕ. ಮೇಲಿನ ಬುರುಜಿಗೆ ಕಲ್ಲಿಟ್ಟೆ. ಕೆಳಗೆ ಬಲಮೂಲೆಯಲ್ಲಿ ಮಾತ್ರ ಕಲ್ಲಿಡಲಿಲ್ಲ, ಬರೀ ಹಸಿ ಗೋಣಿತಾಟು, ಒಳಗೆ ಟೊಳ್ಳು. ಆ ಮೂಲೆಯ ಮೇಲೆ ಅಂಟು ದಪ್ಪಗೆ ಹಚ್ಚಿ, ದಪ್ಪ ಗಾಜನ್ನು ಒಂದೊಂದಾಗಿ ಮೊನೆ ಮೇಲೆ ಮಾಡಿ ಚುಚ್ಚಿ, ಮೇಲೆ ಬರ್ಫ ಸೋಸಿದೆ. ಮತ್ತೆ ಅದರ ಮುಂದೆ ಮಣ್ಣಿನದೊಂದು ಗೊಂಬೆ ಇಟ್ಟೆ. ಹೊರಸು, ಹೊರಸಿನ ಮೇಲೆ ಒಂದು ಮಗ್ಗುಲಾಗಿ ಮಲಗಿದ ಹೊಟ್ಟೆ ದೊಡ್ಡದಾದ ಮನುಷ್ಯ, ಕಿವಿಗೆ ಟ್ರಾನ್ಸಿಸ್ಟರ್. ಮೇಲೆ ಬರ್ಫದಲ್ಲಿ ಸೊಂಟದವರೆಗೆ ಹೂತು ನಿಂತ ಒಬ್ಬನೇ ಸೈನಿಕ, ಬೆನ್ನ ಮೇಲೆ ಇನ್ನೊಬ್ಬ. ಮಹಾರಾಜರು ಆ ವರ್ಷ ಇರಲಿಲ್ಲ.

ಜನ ಬರುವ ಮೊದಲು ಅಪ್ಪ ಕಡೆಯ ಸಲ ನೋಡಲು ಬಂದ. ಸೈನಿಕನ ಬೆನ್ನ ಮೇಲಿದ್ದವನನ್ನು ನೋಡಿದ. ಕಣ್ಣು ಮೆಲ್ಲಗೆ ಕೆಳಗಿಳಿದು ಬಲಮೂಲೆಯಲ್ಲಿ ನಿಂತಿತು.

“ಇಲ್ಲಿ ಯಾಕ ಹಾಕೀದಿ? ಇದು ಬಿಸಲಿನ ಮಗ್ಗಲಾ. ಇಲ್ಲಿ ಬರ್ಫ ನಿಲ್ಲೂದಿಲ್ಲ.”

ಬಗ್ಗಿ ಕೈ ಚಾಚಿದ. ನಾನು ಅಡ್ಡ ಬಂದೆ.

“ಮುಟ್ಟಬ್ಯಾಡ ಅಪ್ಪಾ! ಹಸಿ ಐತಿ.”

ಅದು ಹಸಿ ಇರಲಿಲ್ಲ. ಒಣಗಿ ಬೆಳ್ಳಗೆ ಬಿಗಿದುಕೊಂಡಿತ್ತು. ಅಪ್ಪನಿಗೆ ಹಸಿ ಬರ್ಫ, ಒಣ ಬರ್ಫ ಎರಡೂ ಗೊತ್ತು. ನನ್ನ ಮುಖವನ್ನೊಮ್ಮೆ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡು ಕಟ್ಟೆಗೆ ಹೋಗಿ ಕೂತ.

ಎಳೆಬಿಸಿಲು ಅಂಗಳಕ್ಕೆ ಇಳಿದ ಹೊತ್ತಿಗೆ ಜನ ಬಂದರು. ಈ ಸಲ ಯಾರೂ ನಗಲಿಲ್ಲ. ಬರ್ಫ ಮಿಂಚಿತು. ನೆರಳಲ್ಲಿ ನೀಲಿಯಾಯಿತು. ಹೆಂಗಸರು ಬಗ್ಗಿ ಊದಿ ನೋಡಿದರು, ಹಾರಲಿಲ್ಲ. ಕರಗೀತೇನೋ ಎಂದು ಒಬ್ಬಳು ಮಗುವನ್ನು ಹಿಂದಕ್ಕೆ ಎಳೆದುಕೊಂಡಳು. ಹೋದ ವರ್ಷ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಬಡಿಗೇರ ಕಾಕಾ ಬಹಳ ಹೊತ್ತು ಕುಕ್ಕರುಗಾಲಲ್ಲಿ ಕೂತು ನೋಡಿ, ಕಟ್ಟೆಯ ಕಡೆ ತಿರುಗಿ ಕೇಳಿದ.

“ಬಾಳಪ್ಪಾ, ಇಂಥಾದರಾಗ ಇದ್ದಿ ಏನೋ ನೀ?”

“ಹೌದೋ ಕಾಕಾ. ಇದಕ್ಕಿಂತಾ ಭಾಳ ಇತ್ತು,” ಅಂದ ಅಪ್ಪ. ಎದ್ದು ಬಂದು ಕೋಲಿನ ತುದಿಯಿಂದ ತೋರಿಸುತ್ತ, ಇಲ್ಲಿ ಚೌಕಿ, ಇಲ್ಲಿಂದ ಗಾಳಿ, ಇಲ್ಲಿ ಅವನು ಬಿದ್ದ, ಇಲ್ಲಿಯವರೆಗೆ ಹೊತ್ತೆ ಎಂದು ಹೇಳತೊಡಗಿದ. ಕುಡುಗೋಲಿನ ಮಾತು ಅವತ್ತಿಗೆ ಸತ್ತಿತ್ತು. ನಾನು ಬಯಸಿದ್ದು ಪೂರ್ತಿ ಸಿಕ್ಕಿತ್ತು. ಕೈ ಚಾಚಿ ಆ ಹೊರಸಿನ ಗೊಂಬೆಯನ್ನು ಎತ್ತಿ ಲಂಗದಲ್ಲಿ ಮುಚ್ಚಿಕೊಂಡಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅದಕ್ಕೆ ಹೊತ್ತೂ ಇತ್ತು. ದೊಡ್ಡಪ್ಪ ಇನ್ನೂ ಬಚ್ಚಲಲ್ಲಿ ಎಣ್ಣೆ ನೀರು ಹಾಕಿಕೊಳ್ಳುತ್ತಿದ್ದ, ತಂಬಿಗೆಯ ಸಪ್ಪಳ ಕೇಳುತ್ತಿತ್ತು. ನಾನು ತೆಗೆಯಲಿಲ್ಲ. ನೀರಿನ ಸಪ್ಪಳ ಯಾವಾಗ ನಿಲ್ಲುತ್ತದೆಂದು ಕಾಯುತ್ತ ನಿಂತೆ.

ಆತ ಒದ್ದೆ ಮೈಯಲ್ಲಿ ಟವೆಲ್ ಸುತ್ತಿಕೊಂಡು ಬಂದ. ತನ್ನ ಅಂಗಳದಲ್ಲಿ ಅಷ್ಟು ಜನ ತಮ್ಮನ ಸುತ್ತ ನಿಂತದ್ದನ್ನು ಕಂಡ. ಅವನನ್ನು ನೋಡಿ ಬಡಿಗೇರ ಕಾಕಾನ ಕಣ್ಣು ಕೆಳಗಿನ ಗೊಂಬೆಗೆ ಹೋಯಿತು, ಅಲ್ಲಿಂದ ಮತ್ತೆ ಆತನ ಹೊಟ್ಟೆಗೆ ಬಂತು.

“ಅಪ್ಪಾಸಾಬಾ, ಮಗಳು ನಿನ್ನೂ ಬಿಟ್ಟಿಲ್ಲ ನೋಡೋ. ರೇಡಿಯೊ ಸುದ್ದಾ ಇಟ್ಟಾಳ!”

ಅಂಗಳ ಗೊಳ್ಳೆಂದು ನಕ್ಕಿತು. ಆಯಿ ಕೂಡ ಸೆರಗು ಬಾಯಿಗಿಟ್ಟುಕೊಂಡಳು. ದೊಡ್ಡಪ್ಪನ ಮುಖ ಕಪ್ಪಾಯಿತು. ಬಲಗಾಲು ಎದ್ದಿತು. ನಾನು ಎಲ್ಲಿ ಬೀಳಬೇಕೆಂದಿದ್ದೆನೋ ಅಲ್ಲಿಗೇ ಬಿತ್ತು. ಗೋಣಿತಾಟು ಹರಿದು ಪಾದ ಗಿಣ್ಣಿನವರೆಗೆ ಒಳಗೆ ಹೋಯಿತು. ಆತ ಕೂಗಲಿಲ್ಲ. ಬಾಯಿ ತೆರೆದು ಹಾಗೇ ನಿಂತ. ಕಾಲು ಹೊರಗೆಳೆದಾಗ ರಕ್ತ ಬರ್ಫದ ಮೇಲೆ ಬಿತ್ತು. ರಕ್ತ ಬಿದ್ದಾಗ ಬರ್ಫ ಮೊದಲು ಅದನ್ನು ಮೇಲೆಯೇ ಹಿಡಿದುಕೊಳ್ಳುತ್ತದೆ, ಆಮೇಲೆ ಮೆಲ್ಲಗೆ ಅಂಚಿನಿಂದ ಗುಲಾಬಿಯಾಗುತ್ತ ಒಳಗೆ ಎಳೆದುಕೊಳ್ಳುತ್ತದೆ. ಇವತ್ತಿಗೂ ಗಿರಾಕಿಗಳು ರಕ್ತ ಬಿದ್ದ ಬರ್ಫ ಕೇಳಿದರೆ ನಾನು ಚಿತ್ರ ನೋಡಿಕೊಂಡು ಮಾಡುವುದಿಲ್ಲ. ನನಗೆ ಆಗ ಭಯವಾಗಲಿಲ್ಲ. ಖುಷಿಯಾಯಿತು. ಮೈ ಜುಮ್ಮೆನ್ನುವಷ್ಟು ಖುಷಿಯಾಯಿತು.

ಜನರೆದುರು ಹುಡುಗಿಯ ಆಟಿಕೆ ತನ್ನನ್ನು ಕೊಯ್ದಿತೆಂದು ಒಪ್ಪಿಕೊಳ್ಳಲಾರದೆ ದೊಡ್ಡಪ್ಪ, ಏನಿಲ್ಲ, ಕಲ್ಲು ತರಚಿತು ಎಂದು ಕುಂಟುತ್ತ ಒಳಗೆ ಹೋದ. ಅರಿಸಿನ ಮೆತ್ತಿ ಬಟ್ಟೆ ಕಟ್ಟಿಕೊಂಡು ಮರುದಿನವೇ ಕಬ್ಬಿನ ಗದ್ದೆಯ ನೀರಿಗಿಳಿದ. ಆತನಿಗೆ ಸಕ್ಕರೆ ಕಾಯಿಲೆ ಇತ್ತು, ಅದೂ ಆಮೇಲೆ ಗೊತ್ತಾದದ್ದು. ಎರಡು ವಾರದಲ್ಲಿ ಕಾಲು ಬಾತು ವಾಸನೆ ಬಂತು. ಚಿಕ್ಕೋಡಿಯ ದವಾಖಾನೆಯಲ್ಲಿ ಹೆಬ್ಬೆರಳು ತೆಗೆದರು. ಅಪ್ಪನವು ಮೂರು, ಆತನದು ಒಂದು. ಇನ್ನೂ ಎರಡು ಬರಬೇಕಿತ್ತು ಎಂದು ನಾನು ಅಟ್ಟದ ಮೇಲೆ ಕೂತು ಅಂದುಕೊಂಡದ್ದುಂಟು.

ಆದರೆ ಮನೆಗೆ ತಂದ ಮೇಲೆ ದಿನಾ ಬೆಳಿಗ್ಗೆ ಆ ಕಾಲನ್ನು ತೊಳೆದು ಪಟ್ಟಿ ಕಟ್ಟಿದ್ದು ಯಾರು? ಅಪ್ಪ. ಸತ್ತ ಬೆರಳಿನ ಜಾಗವನ್ನು ಹೇಗೆ ಒಣಗಿಸಬೇಕೆಂದು ಮನೆಯಲ್ಲಿ ಗೊತ್ತಿದ್ದದ್ದು ಆತನೊಬ್ಬನಿಗೇ. ಬಿಸಿನೀರಿನ ಬೋಗುಣಿ ಇಟ್ಟುಕೊಂಡು, ಅಣ್ಣನ ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಬೆರಳು ಬೆರಳಿನ ಸಂದಿಯನ್ನೂ ಒರೆಸುತ್ತಿದ್ದ. ನನಗೆ ಹೊಟ್ಟೆ ಉರಿದುಹೋಗುತ್ತಿತ್ತು. ನಾನು ಮಾಡಿದ್ದನ್ನು ಅಪ್ಪ ದಿನಾ ಒಂದಿಷ್ಟು ತೊಳೆದು ಹಾಕುತ್ತಿದ್ದ. ಒಂದು ಬೆಳಿಗ್ಗೆ ನೀರು ತಂದಿಟ್ಟು ತಿರುಗಿದ ನನ್ನನ್ನು ಕರೆದ. ದೊಡ್ಡಪ್ಪ ನಿದ್ದೆ ಹೋಗಿದ್ದ. ಅಪ್ಪನ ಅಂಗೈಯಲ್ಲಿ ಪಾದದಿಂದ ತೆಗೆದ ಗಾಜಿನ ಚೂರೊಂದಿತ್ತು.

“ಇದು ಮಿಂಚಾಕ ಹಾಕಿದ ಗಾಜಲ್ಲ. ಅದನ್ನ ಹಿಟ್ಟಿನಂಗ ಅರದಿದ್ದಿ. ನಾ ನೋಡೀನಿ.”

ಅಪ್ಪ ಚೂರನ್ನು ಬೆಳಕಿಗೆ ತಿರುಗಿಸಿದ.

“ಅದಕ್ಕ ಬಿಸಲಿನ ಮಗ್ಗಲಕ ಹಾಕಿದ್ದಿ.”

“ಹೌದು,” ಅಂದೆ. “ಅಂವ ನಿನಗ ಕುಡುಗೋಲ ಅಂದಾನ.”

ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಚೂರನ್ನು ಬೋಗುಣಿಯ ನೀರಿಗೆ ಹಾಕಿ ಪಟ್ಟಿ ಸುತ್ತುವುದನ್ನು ಮುಂದುವರಿಸಿದ. ಆದರೆ ಅವತ್ತಿನಿಂದ ಸಾಯುವವರೆಗೆ ನನ್ನ ಹತ್ತಿರ ಬರ್ಫದ ಮಾತನ್ನು ಆಡಲಿಲ್ಲ. ನಾನು ಹಂಚು ಹಿಡಿದುಕೊಂಡು ಹೋದರೆ, “ಚಲೋ ಆಗೈತಿ” ಎಂದು ನೋ​ಡದೆಯೇ ಹೇಳುತ್ತಿದ್ದ. ಅಪ್ಪ ಹೊತ್ತು ತಂದವನ ಹೆಸರೇನು, ಚೌಕಿಯಿಂದ ಎಷ್ಟು ದೂರ, ಅವನು ಕಡೆಗೆ ಏನಾದರೂ ಅಂದನೇ, ಇವನ್ನೆಲ್ಲ ಇನ್ನೊಂದು ಸಲ ಕೇಳಬೇಕೆಂದು ಇಟ್ಟುಕೊಂಡಿದ್ದೆ. ಒಂದೂ ಸಿಗಲಿಲ್ಲ. ದೊಡ್ಡಪ್ಪನಿಂದ ನಾನು ಒಂದು ಬೆರಳು ಕಸಿದೆ, ಅಪ್ಪ ನನ್ನಿಂದ ಇಡೀ ಬರ್ಫವನ್ನೇ ತೆಗೆದುಕೊಂಡುಬಿಟ್ಟ. ಇದರ ಸಿಟ್ಟನ್ನೂ ನಾನು ದೊಡ್ಡಪ್ಪನ ತಲೆಗೇ ಕಟ್ಟಿದ್ದೇನೆ.

ಸಂಕ್ರಾಂತಿಗೆ ಎಳ್ಳು ಹಂಚಲು ರಾಯಬಾಗದ ಬೀಗರು ಮತ್ತೆ ಬಂದರು. ಅದೇ ಇಬ್ಬರು. ಅದೇ ಪಡಸಾಲೆ, ಅದೇ ಮಣೆ. ಈ ಸಲ ದೊಡ್ಡಪ್ಪ ತನ್ನ ಕಾಲನ್ನು ಧೋತರದ ಅಡಿಗೆ ಮಡಿಸಿಟ್ಟುಕೊಂಡಿದ್ದ, ಪಕ್ಕದಲ್ಲಿ ಅಪ್ಪನೂ ಹಾಗೇ ಕೂತಿದ್ದ. ನಾನು ತಂಬಿಗೆ ಹಿಡಿದು ನಿಂತಿದ್ದೆ. ಹಿರಿಯರು ಸಹಜವಾಗಿಯೇ ಕೇಳಿದರು.

“ಕಾಲಿಗಿ ಏನ ಆತರಿ ಅಪ್ಪಾಸಾಬ?”

ದೊಡ್ಡಪ್ಪ ಅಪ್ಪನ ಕಡೆ ನೋಡಲಿಲ್ಲ. ನನ್ನ ಕಡೆಯೂ ನೋಡಲಿಲ್ಲ. ತಾಟಿನಲ್ಲಿದ್ದ ರೊಟ್ಟಿಯನ್ನು ನೋಡುತ್ತ ಹೇಳಿದ.

“ಕುಡುಗೋಲ ಬಡೀತರಿ. ಕಬ್ಬಿನಾಗ.”

ಒಳಗೆ ಅವ್ವ ರೊಟ್ಟಿ ಬಡಿಯುವುದು ನಿಂತಿತು. ಬೀಗರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಂಬದವರ ನೋಟ ಅದು, ಆ ನೋಟವನ್ನು ಅದೇ ಮಣೆಯ ಮೇಲೆ ಅಪ್ಪ ಒಂದು ಸಲ ಉಂಡಿದ್ದ. ನಾನು ಅಪ್ಪನ ಮುಖ ನೋಡುತ್ತ ಕಾದೆ. ಈಗಲಾದರೂ ಹೇಳು ಅಪ್ಪಾ, ಒಂದೇ ಒಂದು ಮಾತು. ಅಪ್ಪ ತುತ್ತು ನುಂಗಿ, ಬೀಗರ ಕಡೆ ತಿರುಗಿ ಹೇಳಿದ.

“ಹೌದರಿ. ಕುಡುಗೋಲನ. ನಾನೂ ಅಲ್ಲೇ ಇದ್ನಿ.”

ದೊಡ್ಡಪ್ಪನ ಕೈ ತಾಟಿನಲ್ಲೇ ನಿಂತಿತು. ಆತ ಅಳುತ್ತಿದ್ದ. ಅವ್ವ ಅದನ್ನು ನೋಡಿ ತಾನೂ ಅತ್ತಳು, ಆಯಿ ಅತ್ತಳು. ಆಮೇಲೆ ಆ ಮನೆಯಲ್ಲಿ ಯಾರೂ ಏನನ್ನೂ ಒದೆಯಲಿಲ್ಲ, ಅಣ್ಣತಮ್ಮಂದಿರು ಸಾಯುವವರೆಗೆ ಒಂದೇ ಕಟ್ಟೆಯ ಮೇಲೆ ಕೂತು ಬಿಸಿಲು ಕಾಯಿಸಿಕೊಂಡರು. ನೋಡಿದವರು ರಾಮ ಲಕ್ಷ್ಮಣರೆಂದರು. ಊರಿನ ಪಾಲಿಗೆ ಇವತ್ತಿಗೂ ಅವರಿಬ್ಬರೂ ಕುಡುಗೋಲು ಬಡಿದವರೇ. ಅಂಗಳದಲ್ಲಿ ಬರ್ಫ ನೋಡಿದವರು ಒಬ್ಬೊಬ್ಬರಾಗಿ ತೀರಿಹೋದರು, ಮಾತು ಮಾತ್ರ ಉಳಿಯಿತು. ಹೋದ ವರ್ಷ ದೊಡ್ಡಪ್ಪನ ಮೊಮ್ಮಗನ ಮದುವೆಯಲ್ಲಿ ಯಾರೋ ನಗುತ್ತ ಅದನ್ನೇ ಎತ್ತಿದರು: ಆ ಮನಿಯಾಗ ಅಣ್ಣಗೂ ಕುಡುಗೋಲ, ತಮ್ಮಗೂ ಕುಡುಗೋಲ. ಎಲ್ಲರೂ ನಕ್ಕರು. ನಾನು ಊಟ ಬಿಟ್ಟು ಎದ್ದು ಬಂದೆ, ಬಂದವಳು ಬಣ್ಣದ ಡಬ್ಬಿಗಳನ್ನು ಬದಿಗೆ ಸರಿಸಿ ಇದನ್ನು ಬರೆಯಲು ಕೂತೆ. ಅಪ್ಪ ಕ್ಷಮಿಸಿದ್ದರೆ ಅದು ಅವನ ದೊಡ್ಡಸ್ತಿಕೆ. ನಾನು ಕ್ಷಮಿಸಿಲ್ಲ. ದೊಡ್ಡಪ್ಪನ ಮಕ್ಕಳು, ಮೊಮ್ಮಕ್ಕಳು ಓದಲಿ ಎಂದೇ ಬರೆದಿದ್ದೇನೆ. ನಮ್ಮ ಮನೆಯಲ್ಲಿ ಯಾರ ಕಾಲಿಗೂ ಕುಡುಗೋಲು ಬಡಿದಿಲ್ಲ. ಅಪ್ಪನ ಬೆರಳು ತೆಗೆದದ್ದು ಬರ್ಫ. ದೊಡ್ಡಪ್ಪನ ಬೆರಳು ತೆಗೆದದ್ದೂ ಬರ್ಫವೇ. ಅದನ್ನು ಮಾಡಿದವಳು ನಾನು.